ಅಕ್ಕಿಯ ಮೇಲೆ ಬರೆದ ಹೆಸರು

ವಿದ್ಯಾನಗರ, ಹುಬ್ಬಳ್ಳಿ
27 ನವೆಂಬರ್ 2024

ಪ್ರೀತಿಯ ಚಿನ್ಮಯೀ, ನಿನ್ನ ಅತ್ತೆಯ ಆಶೀರ್ವಾದ.

ಬೆನ್ನುನೋವು ಹೇಗಿದೆ? ಕಲಬುರಗಿಯ ಬಿಸಿಲು ಈಗಲಾದರೂ ಇಳಿಯಿತೇ? ನನ್ನ ಮಗ ಅತುಲನಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳು. ಅವನೂ ಅಪ್ಪನಂತೆಯೇ, ತಾಟು ಎದುರಿಗೆ ಬರುವ ತನಕ ಹಸಿವು ನೆನಪಾಗದು. ಇಲ್ಲಿ ಎಲ್ಲ ಆರಾಮ, ನನ್ನ ತಲೆಯೊಂದನ್ನು ಬಿಟ್ಟು. ನಿನ್ನೆಯಿಂದ ಕುದಿಯುತ್ತಿದೆ. ಫೋನಿನಲ್ಲಿ ಹೇಳಿದರೆ ನಿನ್ನ ಮಾವನವರು ನಡುವೆ ಬಾಯಿ ಹಾಕುತ್ತಾರೆ, ಅದಕ್ಕೇ ಈ ಕಾಗದ.

ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನಿನ್ನ ಮಾವನವರದು ಇದೆ, ತೀರಿಕೊಂಡು ಮೂರು ವರ್ಷವಾದ ಪಕ್ಕದ ಮನೆಯ ಗುರುಶಿದ್ದಪ್ಪನವರದೂ ಇದೆ, ನನ್ನದಿಲ್ಲ. ಅದನ್ನು ಸೇರಿಸಲು ನಿನ್ನೆ ತಹಶೀಲ್ದಾರರ ಕಚೇರಿಗೆ ಹೋದೆ. ಸಂವಿಧಾನ ದಿನವೆಂದು ನಮ್ಮನ್ನೆಲ್ಲ ನಿಲ್ಲಿಸಿ ಪೀಠಿಕೆ ಓದಿಸಿದರು. ‘ನಾವು’ ಎಂಬಲ್ಲಿ ನಾನೂ ದನಿ ಏರಿಸಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಆ ‘ನಾವು’ ಎಂಬುದರಿಂದ ನನ್ನನ್ನು ಹೊರಗೆ ಹಾಕಿದರು! ನನ್ನ ಆಧಾರ್ ಕಾರ್ಡಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹುಟ್ಟಿದ ವರ್ಷ ಇದ್ದುದರಿಂದ ಗುಮಾಸ್ತ ಶಾಲೆಯ ಪುರಾವೆ ಕೇಳಿದ. ಟ್ರಂಕಿನಿಂದ ತೆಗೆದು ಒಯ್ದಿದ್ದ ಮೆಟ್ರಿಕ್ ಸರ್ಟಿಫಿಕೇಟನ್ನು ನಾನು ಹೆಮ್ಮೆಯಿಂದಲೇ ಕೊಟ್ಟೆ. ಫಸ್ಟ್ ಕ್ಲಾಸು ನೋಡಲಿ ಎಂದು. ಅವನು ನೋಡಿದ್ದು ಹೆಸರು. “ಕಾಶೀಬಾಯಿ ಯಾರ್ರಿ?” ನಾನೇ ಎಂದೆ. “ಮತ್ತ ನಿರುಪಮಾ?” ಅವಳೂ ನಾನೇ ಎಂದೆ. “ಒಬ್ಬಾಕಿ ಇನ್ನೊಬ್ಬಾಕಿ ಆಗ್ಯಾಳಂತ ಕಾಗದ ಐತೇನ್ರಿ?”

ಎಲ್ಲಿಯ ಕಾಗದ? ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಬಂಗಾರದ ಉಂಗುರದಿಂದ ನಿನ್ನ ಮಾವನವರು ನಿರುಪಮಾ ಎಂದು ಬರೆದರು. ಕಾಶಿ ಎಂಬುದು ಇವರ ಮನೆತನಕ್ಕೆ ಹಳೆಯದೆನಿಸಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಮರುದಿನ ಆ ಅಕ್ಕಿ ಪಾಯಸಕ್ಕೆ ಹೋಯಿತು, ನಾನೂ ಎರಡು ಬಟ್ಟಲು ಉಂಡೆ. ಇದ್ದ ಒಂದು ಪುರಾವೆಯನ್ನೂ ತಿಂದು ಕೂತವಳು ನಾನು!

ಮನೆಗೆ ಬಂದರೆ ನಿನ್ನ ಮಾವನವರು ಪೇಪರಿನಿಂದ ಮುಖವನ್ನೂ ಎತ್ತಲಿಲ್ಲ. “ಹೋದ್ರ ಹೋಗ್ಲಿ ಬಿಡು, ನನ್ನ ಓಟ್ ಅದ ಅಲ್ಲ” ಎಂದರು. “ಹಂಗಾರ ನಾ ಉಂಡೇನಿ, ನಿಮ್ಮ ಹೊಟ್ಟೀನೂ ತುಂಬಿತು ಬಿಡ್ರಿ” ಎಂದು ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಸಿಟ್ಟು ಬರದೇ ಇರುತ್ತದೆಯೇ? ಈ ಮನೆಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ನನ್ನದಾಗಿದ್ದುದು ಅದೊಂದು ಓಟು. ಅದನ್ನು ಕೊಟ್ಟವರು ಅತ್ತೆಯಲ್ಲ, ಗಂಡನಲ್ಲ, ಸಂವಿಧಾನ. ಯಾರಿಗೆ ಹಾಕಿದೆ ಎಂದು ಇಷ್ಟು ವರ್ಷ ಇವರಿಗೂ ಹೇಳಿಲ್ಲ. ನಾಳೆ ವಕೀಲರಿಂದ ಇಬ್ಬರೂ ನಾನೇ ಎಂದು ಅಫಿಡವಿಟ್ ಮಾಡಿಸಿ ಮತ್ತೆ ಹೋಗುತ್ತೇನೆ.

ಮೊಮ್ಮಗಳಿಗೆ ಮುತ್ತು. ನಿಮಗೆಲ್ಲ ಒಳ್ಳೆಯದಾಗಲಿ.

ನಿನ್ನ ಅತ್ತೆ,
ಕಾಶೀಬಾಯಿ

ತಾ.ಕ.: ಇದನ್ನು ಮರೆತಿರಲಿಲ್ಲ, ನಾಚಿಕೆಯಿಂದ ಕೊನೆಗೆ ಉಳಿಸಿದೆ. ನಿನ್ನ ಮದುವೆಯಲ್ಲಿ ಅಕ್ಕಿಯ ತಾಟು ಹಿಡಿದು ನಿಂತವಳು ನಾನು. ಚಿನ್ಮಯೀ ಎಂದು ಬರೆಯಲು ಅತುಲನಿಗೆ ಹೇಳಿದವಳೂ ನಾನೇ. “ನನ್ನ ಹೆಸರು ಛಲೋನ ಅದ ಅಲ್ರೀ ಅತ್ತಿ” ಎಂದು ನೀನು ಮೆಲ್ಲಗೆ ಅಂದಿದ್ದೆ. ನಾನು ನಕ್ಕುಬಿಟ್ಟಿದ್ದೆ. ಲಕೋಟೆಯ ಮೇಲೆ ನಿನ್ನ ಆ ತವರಿನ ಹೆಸರನ್ನೇ, ಸುರಭಿ ಎಂದೇ ಬರೆದಿದ್ದೇನೆ. ಅದು ಯಾರೆಂದು ಅಂಚೆಯವನು ಕೇಳಿದ್ದರೆ, ನಾನೇ ಎಂದು ಹೇಳಿಯೇ ನೀನು ಇದನ್ನು ಇಸಿದುಕೊಂಡಿರುತ್ತೀ.