ಸದ್ದಿಲ್ಲದ ಗಾಡಿ

ಸರ್ವಮಂಗಳಾ,

ಹೊಸ ಎಲೆಕ್ಟ್ರಿಕ್ ಎಸ್‌ಯುವಿ ಕೀ ಬೀರುವಿನಲ್ಲಿಟ್ಟಿದೀನಿ, ಮುಟ್ಟಬೇಡ. ಪಾಪುನ ಆಟೋದಲ್ಲಿ ಸ್ಕೂಲಿಗೆ ಬಿಡು. ನಾನು ವಿಜಯನಗರದಿಂದ ಮೆಟ್ರೋ ಹಿಡೀತೀನಿ.

ಹಳೇ ಪೆಟ್ರೋಲ್ ಗಾಡಿ ಗುಡುಗಿದ ತಕ್ಷಣ, ಗೇಟಿನ ಮುಂದೆ ರಂಗೋಲಿ ಹಾಕ್ತಾ ಕೂತಿರ್ತಿದ್ದ ಅಮ್ಮ ಎದ್ದು ಪಕ್ಕಕ್ಕೆ ಸರೀತಿದ್ರು. ಹನ್ನೊಂದು ವರ್ಷದ ಅಭ್ಯಾಸ ಅದು. ಹೊಸದಕ್ಕೆ ಸದ್ದೇ ಇಲ್ಲ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದವನು ನಾನೇ. ಇವತ್ತು ರಿವರ್ಸ್ ತೆಗೆದೆ. ಸೆನ್ಸರ್ ಬಡ್ಕೊಂಡಿದ್ದು ಕಾರಿನೊಳಗೆ, ನನಗೆ ಮಾತ್ರ ಕೇಳಿಸ್ತು. ಬ್ರೇಕ್ ಒತ್ತಿ ಇಳಿದು ನೋಡಿದ್ರೆ ಅಮ್ಮನ ಬೆನ್ನಿಗೂ ಬಂಪರಿಗೂ ನಡುವೆ ಒಂದೇ ಗೇಣು.

ಅವರಿಗೆ ಇನ್ನೂ ಏನೂ ಗೊತ್ತಿಲ್ಲ, ನೀನೂ ಹೇಳಬೇಡ. ಚುಕ್ಕಿಯಿಂದ ತಲೆ ಎತ್ತದೆ ನನಗೆ ಅಂದ್ರು: "ಆಫೀಸಿಗೆ ಹೊತ್ತಾಯ್ತು ಕಣೋ, ಗಾಡಿ ಸ್ಟಾರ್ಟ್ ಮಾಡು, ಎದ್ದೇಳ್ತೀನಿ."