ನಮ್ಮ ಮನೆಯ ಪುಣ್ಯದ ಸಾವುಗಳು

ಗದಗ ನೆರಳೂರು
೨೧೪೯ನೇ ಇಸವಿ, ಬಿಸಿಲುತಿಂಗಳ ಎಂಬತ್ತಾರನೇ ದಿನ

ನನ್ನ ಮುತ್ತಜ್ಜಿಯ ತಾಯಿ ಗಿರಿಜವ್ವನವರಿಗೆ ಅಡಿವೆಪ್ಪ ಮಾಡುವ ನಮಸ್ಕಾರಗಳು.

ಮೇಲಿನ ತಾರೀಕು ನೋಡಿ, ಯಾರೋ ತಲೆಕೆಟ್ಟವನು ಬರೆದದ್ದು ಎಂದು ಇದನ್ನು ಎಸೆದುಬಿಡಬೇಡಿ. ನಿಮ್ಮ ಕಾಲದಲ್ಲಿ ತಿಂಗಳು ಮೂವತ್ತೊಂದು ದಿನ ದಾಟುತ್ತಿರಲಿಲ್ಲವಂತೆ. ಬೇಸಿಗೆ ಮುಗಿಯುವ ಲಕ್ಷಣವೇ ಕಾಣದಾದಾಗ ನಾವು ಅದನ್ನೆಲ್ಲ ಒಂದೇ ತಿಂಗಳು ಮಾಡಿ ಕೈತೊಳೆದುಕೊಂಡೆವು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಈ ಕಾಗದಕ್ಕೆಂದೇ ಕೂತು ಕಲಿತಿದ್ದೇನೆ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ನನಗೆ ತಿಳಿಯುತ್ತಿಲ್ಲ. ನಾಲ್ಕು ತಲೆಮಾರು ಹಿರಿಯರು ನೀವು. ಆದರೆ ಇದು ಮುಟ್ಟುವ ಹೊತ್ತಿಗೆ ನಿಮಗೆ ಮೂವತ್ತನಾಲ್ಕು, ನನಗೆ ಐವತ್ತೇಳು. ಅವ್ವಾ ಎನ್ನಲೋ ತಂಗೀ ಎನ್ನಲೋ? ಅವ್ವಾ ಎಂದೇ ಇರಲಿ.

ಹಿಂದಂಚೆ ಎಂಬುದು ನಮ್ಮಲ್ಲಿ ಹೊಸದಾಗಿ ಬಂದಿದೆ. ಕಾಗದವನ್ನು ಬೇರೆ ಊರಿಗಲ್ಲ, ಹಿಂದಿನ ಕಾಲಕ್ಕೆ ಕಳಿಸುವುದು. ಮನೆಗೆ ಒಂದೇ ಕಾಗದ. ಮುಟ್ಟಿತೋ ಇಲ್ಲವೋ ಹೇಳುವವರಿಲ್ಲ. ಹೆಚ್ಚಿನವರು ಸತ್ತ ತಂದೆತಾಯಿಯ ಹತ್ತಿರ ಕ್ಷಮೆ ಕೇಳಲು ಅದನ್ನು ಬಳಸುತ್ತಾರೆ. ನಾನು ನನ್ನ ಮಗಳ ಎದೆಬಡಿತದ ಬಗ್ಗೆ ಕೇಳಲು ಬಳಸುತ್ತಿದ್ದೇನೆ.

ನಮ್ಮೂರಿನ ಬೀದಿಗಳಿಗೆಲ್ಲ ಮೇಲೆ ಬಟ್ಟೆ ಕಟ್ಟಿದ್ದಾರೆ. ಅದಕ್ಕೆ ನೆರಳುಬಟ್ಟೆ ಎನ್ನುತ್ತೇವೆ. ಅದು ಹರಿದಲ್ಲಿ ಏಣಿ ಹಾಕಿ ಹೊಲಿಯುವುದು ನನ್ನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಊರು ಬಾಗಿಲು ಹಾಕಿಕೊಂಡು ಮಲಗುತ್ತದೆ, ಸಂಜೆ ಐದಕ್ಕೆ ಎದ್ದು ಚಹಾ ಕುಡಿಯುತ್ತದೆ. ಜೋಳದ ರೊಟ್ಟಿ ಇನ್ನೂ ಇದೆ, ಚಿಂತೆ ಬೇಡ. ನನ್ನ ಮಗಳು ನಿಂಬವ್ವನಿಗೆ ಇಪ್ಪತ್ತೇಳು. ಹಳೆಯ ಹೆಸರುಗಳು ಈಗ ಮತ್ತೆ ಶೋಕಿಯಾಗಿವೆ. ಅವಳು ಕಪ್ಪತಗುಡ್ಡದ ಗಾಳಿಕಂಬಗಳನ್ನು ಏರಿ ರಿಪೇರಿ ಮಾಡುವವಳು. ನಿಮ್ಮ ಕಾಲದ ಗಾಳಿಯಂತ್ರಕ್ಕಿಂತ ಮೂರು ಪಟ್ಟು ಎತ್ತರದ ಕಂಬಗಳವು. ಅವಳನ್ನು ನೋಡಲು ಕತ್ತೆತ್ತಿದರೆ ನನ್ನ ಪಗಡಿ ಬಿದ್ದುಹೋಗುತ್ತದೆ. ಅವಳಿಗೆ ಆ ಕೆಲಸವೆಂದರೆ ಪ್ರಾಣ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಚಹಾದ ಲೋಟ ಕೆಳಗಿಟ್ಟು ಸುಮ್ಮನೆ ಕೂತಳು. ಏನೆಂದು ಕೇಳಿದೆ. “ಅಪ್ಪಾ, ಎದಿಯೊಳಗ ಯಾರೋ ಧಡಧಡ ಓಡಿದಂಗ ಆಗತೈತಿ. ಆಮ್ಯಾಲ ಒಂದ ಗಳಿಗಿ ಏನೂ ಇಲ್ಲ, ಎಲ್ಲಾ ಖಾಲಿ,” ಎಂದಳು. ಆಮೇಲೆ ನಕ್ಕು ಎದ್ದುಹೋದಳು. ನಾಲ್ಕು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಒಮ್ಮೆ ಕಂಬದ ಅರ್ಧದಲ್ಲಿ ಕಣ್ಣು ಕತ್ತಲೆ ಬಂದು ಹಗ್ಗಕ್ಕೆ ಜೋತುಬಿದ್ದಿದ್ದಳಂತೆ. ಅದನ್ನು ನನಗೆ ಹೇಳಿದ್ದು ಅವಳಲ್ಲ, ಅವಳ ಜೊತೆಯವರು.

ಅಂದಿನಿಂದ ನಾನು ಸುತ್ತದ ಜಾಗವಿಲ್ಲ. ನಮ್ಮಲ್ಲಿ ಮೊದಲು ಹೋಗಬೇಕಾದ್ದು ಓದುಗೋಡೆಗೆ. ಅದರ ಮುಂದೆ ನಿಂತರೆ ಮೈಯೆಲ್ಲ ಓದಿ ರೋಗ ಹೇಳುವ ಗೋಡೆ ಅದು. ಅದು ನಿಂಬವ್ವನ ನಾಡಿಪಟ್ಟಿಯನ್ನು, ಅಂದರೆ ಎಲ್ಲರ ಮುಂಗೈಯಲ್ಲೂ ಇರುವ ಲೆಕ್ಕದ ಪಟ್ಟಿಯನ್ನು ನೋಡಿ, ಕಂಬ ಏರುವವರ ಎದೆ ಬಡಿದುಕೊಳ್ಳುವುದು ಸಹಜ, ಆರೋಗ್ಯ ಉತ್ತಮ ಎಂದಿತು. ಮೂರು ಸಲ ಹೋದೆವು, ಮೂರು ಸಲವೂ ಉತ್ತಮ. ಇನ್ನೊಂದು ಊರಿನ ಗೋಡೆ, ಮನಸ್ಸಿಗೆ ವಿಶ್ರಾಂತಿ ಬೇಕು ಎಂದಿತು. ಪಕ್ಕದ ಮನೆಯ ಶಂಕ್ರವ್ವ ದೃಷ್ಟಿ ತೆಗೆದಳು. ಉಳಿದವರೆಲ್ಲ ಒಂದೇ ಬಾಯಲ್ಲಿ ಹೇಳಿದ್ದು, “ಗ್ಯಾಸ್ ಇರಬೇಕು ತಗೋರಿ.” ನಿಮ್ಮ ಕಾಲದ ಎಷ್ಟೋ ಸಂಗತಿಗಳು ನಶಿಸಿಹೋಗಿವೆ ಅವ್ವಾ, ಗ್ಯಾಸ್ ಮಾತ್ರ ಉಳಿದಿದೆ. ನಾನೂ ನಂಬಿ ಎರಡು ತಿಂಗಳು ಅವಳಿಗೆ ಓಮಿನ ನೀರು ಕುಡಿಸಿದೆ. ಅದನ್ನು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೊನೆಗೆ ಮನುಷ್ಯ ಡಾಕ್ಟರನ್ನು ಹುಡುಕಿದೆ. ಈಗ ಅಂಥವರು ಅಪರೂಪ. ರುಬೀನಾ ನದಾಫ್ ಎಂಬ ವಯಸ್ಸಾದ ಹೆಂಗಸು, ಮುಳಗುಂದದಲ್ಲಿದ್ದಾರೆ. ಅವರು ನಿಂಬವ್ವನ ಮೈ ಮುಟ್ಟುವ ಮೊದಲೇ ನನ್ನನ್ನು ಕೇಳಿದರು, “ನಿಮ್ಮ ಮನಿತನದಾಗ ಎದಿ ರೋಗ ಯಾರಿಗರೆ ಇತ್ತೇನ್ರೀ?”

ಯಾರಿಗೂ ಇಲ್ಲ ಎಂದೆ. ಅಷ್ಟಕ್ಕೇ ಸುಮ್ಮನಿರದೆ ಎದೆಯುಬ್ಬಿಸಿ ಹೇಳಿದೆ, “ನಮ್ಮ ಮನಿತನದಾಗ ಯಾರೂ ನರಳಿ ಸತ್ತಿಲ್ರೀ. ಎಲ್ಲಾ ಪುಣ್ಯವಂತರು.” ನಮ್ಮ ಮನೆಯಲ್ಲಿ ಇದೊಂದು ಹೆಮ್ಮೆ. ನನ್ನ ತಾಯಿಯ ತಂದೆ ಮೂವತ್ತೊಂಬತ್ತನೇ ವಯಸ್ಸಿಗೆ ಊಟ ಮುಗಿಸಿ ಎಲೆ ಅಡಿಕೆ ಬಾಯಿಗಿಟ್ಟವರು ಹಾಗೇ ಗೋಡೆಗೊರಗಿದರು. ಸೋದರಮಾವ ಕಳಕಪ್ಪ ಮೂವತ್ತಮೂರಕ್ಕೆ, ಮದುವೆ ಮನೆಯಲ್ಲಿ ನಗುನಗುತ್ತ ಕುರ್ಚಿಯಿಂದ ಜಾರಿದ. ನಿಮ್ಮ ತಂದೆಯವರು ಐವತ್ತಾರಕ್ಕೆ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹೋದರೆಂದು ಇಂದಿಗೂ ಹೇಳುತ್ತೇವೆ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಒಬ್ಬರಿಂದ ಒಂದು ಲೋಟ ನೀರು ತರಿಸಿಕೊಳ್ಳಲಿಲ್ಲ ಎನ್ನುತ್ತೇವೆ. ನನ್ನ ತಾಯಿಯೊಬ್ಬಳೇ ಎಪ್ಪತ್ತೊಂದರವರೆಗೆ ಬದುಕಿ, ಮೂರು ವರ್ಷ ಮಲಗಿ ಹೋದಳು. ಪಾಪ, ಅವಳೇನು ಕರ್ಮ ಮಾಡಿದ್ದಳೋ ಎಂದು ಬಂಧುಗಳು ಮರುಗಿದರು. ಇದನ್ನೆಲ್ಲ ನಾನು ಹೇಳುತ್ತ ಹೋದಂತೆ ನದಾಫ್ ಡಾಕ್ಟರು ಬರೆಯುವುದನ್ನು ನಿಲ್ಲಿಸಿದ್ದರು.

“ಇದನ್ನ ಗೋಡಿಗೆ ಯಾಕ ಹೇಳ್ಲಿಲ್ಲ?” ಎಂದು ಕೇಳಿದರು.

“ಅದು ಛಲೋ ಸುದ್ದಿ ಅಲ್ಲೇನ್ರೀ? ರೋಗದ ಮುಂದ ಯಾಕ ಹೇಳೋದಂತ ಬಿಟ್ಟೆ,” ಎಂದೆ. ನಿಂಬವ್ವ ನನ್ನನ್ನೇ ನೋಡುತ್ತಿದ್ದಳು. ಆ ನೋಟವನ್ನು ನಾನು ಮರೆಯಲಾರೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ನಿಂಬವ್ವನ ರಕ್ತದಲ್ಲಿ, ನನ್ನ ರಕ್ತದಲ್ಲೂ, ಹುಟ್ಟಿನಿಂದ ಬಂದ ಒಂದು ಸಣ್ಣ ಬದಲಾವಣೆ ಇದೆ. ಅದು ಕೆಲವರಲ್ಲಿ ಎದೆಬಡಿತದ ತಾಳ ಕೆಡಿಸಬಹುದು, ಕೆಲವರಲ್ಲಿ ಜೀವಮಾನವಿಡೀ ಸುಮ್ಮನಿರಬಹುದು. ನನ್ನಲ್ಲಿ ಸುಮ್ಮನಿದೆ. ಅವಳಲ್ಲಿ? ಯಾರಿಗೂ ಗೊತ್ತಿಲ್ಲ, ಇಂಥದ್ದು ಬೇರೆ ಮನೆತನದಲ್ಲಿ ಕಂಡಿಲ್ಲ. ಎದೆಗಾವಲು ಎಂಬ ಯಂತ್ರವನ್ನು ಚರ್ಮದಡಿ ಇಡಬಹುದು. ಹೃದಯ ತಪ್ಪಿದರೆ ಅದು ಒದ್ದು ಎಬ್ಬಿಸುತ್ತದೆ. ಆದರೆ ಅದನ್ನು ಇಟ್ಟುಕೊಂಡವರು ಗಾಳಿಕಂಬದ ಹತ್ತಿರವೂ ಸುಳಿಯುವಂತಿಲ್ಲ. ನಿಂಬವ್ವ ಒಪ್ಪುತ್ತಿಲ್ಲ. “ಖಾತ್ರಿ ಇದ್ರ ಇಡ್ರಿ. ಇರಬಹುದು ಅಂತ ನನ್ನ ಕೆಳಗ ಇಳಸಬ್ಯಾಡ್ರಿ,” ಎನ್ನುತ್ತಾಳೆ. ಅವಳದು ತಪ್ಪೆನ್ನಲಾರೆ, ಸರಿಯೆನ್ನಲೂ ಧೈರ್ಯವಿಲ್ಲ. ಹೋದವರಿಗೂ ಮೊದಲು ಹೀಗೇ ಎದೆ ಓಡುತ್ತಿತ್ತೇ ಎಂದು ತಿಳಿದರೆ ಖಾತ್ರಿಯಾಗಿ ಹೇಳುತ್ತೇನೆ ಎಂದಿದ್ದಾರೆ ಡಾಕ್ಟರು. ಕೇಳೋಣವೆಂದರೆ, ನಮ್ಮಲ್ಲಿ ಅವರ ಸಾವಿನ ಕಥೆಗಳಿವೆ, ಅದರ ಹಿಂದಿನ ದಿನದ ಕಥೆ ಒಂದೂ ಇಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಲೆಕ್ಕದಲ್ಲಿ ತಂದೆ ಹೋಗಿ ಇನ್ನೂ ವರ್ಷ ತುಂಬಿಲ್ಲ, ನೆನಪು ಹಸಿಯಾಗಿರಬೇಕು. ಮಾತಾಡುತ್ತ ತಟ್ಟನೆ ಸುಮ್ಮನಾಗುತ್ತಿದ್ದರೇ? ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರೇ? ಗ್ಯಾಸ್ ಎನ್ನುತ್ತಿದ್ದರೇ? ಎಂದಾದರೂ ಕಣ್ಣು ಕತ್ತಲೆ ಬಂದು ಕೂತಿದ್ದುಂಟೇ? ಇಲ್ಲವೆಂದರೆ ಇಲ್ಲ ಎಂದೇ ಬರೆಯಿರಿ. ನಿಮ್ಮ ಮದುವೆಯಲ್ಲಿ ಕೊಟ್ಟ ಕಬ್ಬಿಣದ ಟ್ರಂಕು ನಮ್ಮ ಮನೆಯಲ್ಲಿದೆ. ಅದರ ತಳಕ್ಕೆ ನಿಮ್ಮ ಕಾಲದ ಒಂದು ನ್ಯೂಸ್‌ಪೇಪರ್ ಹಾಸಿದೆ. ಮುಟ್ಟಿದರೆ ಪುಡಿಯಾಗುತ್ತದೆಂದು ನಾಲ್ಕು ತಲೆಮಾರು ಯಾರೂ ಅದನ್ನು ಎತ್ತಿಲ್ಲ. ಉತ್ತರವನ್ನು ಅದರ ಕೆಳಗಿಡಿ.

ಇನ್ನೊಂದು ಮಾತು. ನಿಮ್ಮ ಬಗ್ಗೆಯೂ ಮನೆಯಲ್ಲಿ ಒಂದು ಕಥೆ ಹೇಳುತ್ತಾರೆ, ಹೊಗಳಿಯೇ ಹೇಳುತ್ತಾರೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎದೆ ಓಡಿದಂತಾದರೆ, ಒಮ್ಮೆಯಾದರೂ ಸರಿ, ಡಾಕ್ಟರ ಹತ್ತಿರ ಹೋಗಿ ತಂದೆ ಹೇಗೆ ಹೋದರೆಂದು ಮೊದಲು ಹೇಳಿ. ನೀವು ಬದುಕಿ ಉಳಿದರೆ ಇಲ್ಲಿ ಏನು ಬದಲಾಗುತ್ತದೋ, ನಾನು ಇರುತ್ತೇನೋ ಇಲ್ಲವೋ, ಹಿಂದಂಚೆಯವರನ್ನು ಕೇಳಿದೆ. ಅವರಿಗೂ ಗೊತ್ತಿಲ್ಲ. ಆದರೂ ಹೋಗಿ.

ನಿಂಬವ್ವ ನಾಳೆ ಮುಂಜಾನೆ ಮತ್ತೆ ಕಂಬ ಏರುತ್ತಾಳೆ. ಅಷ್ಟರೊಳಗೆ ನಾನು ಆ ಪೇಪರನ್ನು ಎತ್ತಬೇಕು. ಟ್ರಂಕು ನನ್ನ ಮುಂದೆಯೇ ಇದೆ, ಮುಚ್ಚಳ ತೆಗೆದಿದ್ದೇನೆ. ನೀವು ಬರೆದಿದ್ದರೆ ಉತ್ತರ ನಾನು ಹುಟ್ಟುವ ಮೊದಲಿನಿಂದಲೂ ಅಲ್ಲಿಯೇ ಬಿದ್ದಿರಬೇಕು. ಈ ಕಾಗದ ಕಳಿಸದೆ ಎತ್ತಲು ಕೈ ಬರುತ್ತಿಲ್ಲ.

ನಮ್ಮಲ್ಲಿ ಹಿರಿಯರಿಗೆ ಸುಖದ ಸಾವು ಬರಲೆಂದು ಹಾರೈಸುತ್ತೇವೆ. ನಿನಗೆ ಹಾಗೆ ಹಾರೈಸಲಾರೆ ಅವ್ವಾ. ನೀನು ಮುದುಕಿಯಾಗು. ಹಾಸಿಗೆ ಹಿಡಿ, ಗೊಣಗು, ನೀರು ಬೇಕೆಂದು ಮನೆಮಂದಿಯನ್ನೆಲ್ಲ ಹತ್ತು ಸಲ ಕೂಗು, ಯಾವಾಗ ಹೋಗುತ್ತಾಳಪ್ಪಾ ಎಂದು ಅವರಿಗೆ ಬೇಸರ ಬರಲಿ. ನನ್ನ ಮಗಳಿಗೂ ಅಂಥದೇ ಸಾವು ಬರಲಿ.

ಇಂತಿ,
ನಿಮ್ಮ ಅಡಿವೆಪ್ಪ