ಉರ್ರಾಕಾ ಎಂದು ಹೆಸರಿಟ್ಟವರು

ಅಪ್ಪಾ,

ಸತ್ತವರು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇವತ್ತು ನಮ್ಮ ಸಮೋರಾದ ಚರ್ಚಿನಲ್ಲಿ ಒಂದು ಹೆಣ್ಣುಮಗುವಿಗೆ ಉರ್ರಾಕಾ ಎಂದು ಹೆಸರಿಟ್ಟರು. ಮ್ಯಾಡ್ರಿಡ್‌ನಿಂದ ಬಂದ ಯುವ ದಂಪತಿಯ ಮಗು. ಊರಲ್ಲಿ ಆ ಹೆಸರಿನವಳು ನಾನೊಬ್ಬಳೇ ಉಳಿದಿದ್ದೇನೆಂದು ಕೇಳಿ, ಹುಡುಕಿಕೊಂಡು ಬಂದು ಕರೆದೊಯ್ದರು.

"ಒಂದು ಕಾಲದಲ್ಲಿ ಎಲ್ಲಿ ನೋಡಿದ್ರೂ ಉರ್ರಾಕಾಗಳೇ ಅಂತೆ ಅಜ್ಜಿ. ರಾಣಿಯರ ಹೆಸರು!" ಎಂದಳು ಮಗುವಿನ ತಾಯಿ.

ನನಗೆ ಈ ಹೆಸರಿಟ್ಟ ನೀನೂ, ನೀನೇ ಮೇಷ್ಟ್ರಾಗಿದ್ದ ನಮ್ಮ ತರಗತಿಯಲ್ಲಿ ಹೀಗೇ ಹೇಳುತ್ತಿದ್ದೆ. ಆದರೆ ಹೊಳೆಯುವುದನ್ನೆಲ್ಲ ಕದಿಯುವ ಹಕ್ಕಿಗೂ ಅದೇ ಹೆಸರು. ನನ್ನ ಸಹಪಾಠಿ ಫೆರ್ಮಿನಾಳ ಕಿವಿಯೋಲೆ ಕಾಣೆಯಾದ ದಿನ ಮಕ್ಕಳೆಲ್ಲ, "ಹಕ್ಕಿ ಎತ್ಕೊಂಡು ಹೋಯ್ತು ಮೇಷ್ಟ್ರೇ!" ಎಂದು ಕೂಗಿದರು. ನೀನು ಅವರನ್ನು ಗದರಿಸುತ್ತೀಯೆಂದು ಕಾದೆ. ನೀನು ಎದ್ದು ಬಂದು ಎಲ್ಲರೆದುರು ನನ್ನ ಜೇಬುಗಳನ್ನು ತಡಕಿದೆ. ಕೊನೆಗೆ ಓಲೆ ಫೆರ್ಮಿನಾಳ ಮನೆಯಲ್ಲಿ, ಅವಳ ಹಾಸಿಗೆಯಲ್ಲೇ ಸಿಕ್ಕಿತು. ಅದರ ಬಗ್ಗೆ ಸಾಯುವವರೆಗೂ ನೀನು ಒಂದು ಮಾತೂ ಆಡಲಿಲ್ಲ.

ಮಗುವನ್ನು ನನ್ನ ತೊಡೆಯ ಮೇಲಿಟ್ಟು ತಾಯಿ ಕೇಳಿದಳು: "ನಿಮಗೆ ಯಾರಜ್ಜಿ ಈ ಹೆಸರಿಟ್ಟಿದ್ದು? ತುಂಬಾ ಓದಿದೋರೇ ಇರ್ಬೇಕು."

"ಗೊತ್ತಿಲ್ಲ ಮಗಳೇ," ಎಂದೆ. "ಯಾರೋ ಪಾದ್ರಿ ಇಟ್ಟಿರ್ಬೇಕು."